ಫೇ ಅಂದರೆ ಖುಷಿ ಅಂತ ಹೇಳಿದವನು ನಾನೇ

ಸಾವಿರದ ಒಂಬೈನೂರ ಹನ್ನೊಂದನೇ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಬಿಡಿಸಿದರು ಅಂತ ಬರೆಯುವುದಿಲ್ಲ, ನಿಲ್ಲಿಸಿದೆ ಅಂತಲೇ ಬರೆಯುತ್ತೇನೆ. ಅಪ್ಪ ಉರಿಗಾಂ ಯಾರ್ಡಿನಲ್ಲಿ ಚಿನ್ನದ ಗಣಿಗೆ ಬರುವ ಮರದ ದಿಮ್ಮಿ ಇಳಿಸುತ್ತಿದ್ದ. ಒಂದು ದಿನ ಅವನ ಸೊಂಟ ಹಿಡಿದುಕೊಂಡಿತು. ಮಾರನೇ ಬೆಳಿಗ್ಗೆ ನಾನು ಸ್ಲೇಟನ್ನು ಗೂಟಕ್ಕೆ ತಗುಲಿಹಾಕಿ ಅವನ ಜಾಗದಲ್ಲಿ ಹೋಗಿ ನಿಂತೆ. ಕನ್ನಡ ಓದಲು ಬರೆಯಲು ಬಂದಿತ್ತು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಮುಗಿದು ಚಿಕ್ಕಕ್ಷರ ಅರ್ಧದಲ್ಲಿತ್ತು. ಆ ಅರ್ಧ ಇವತ್ತಿಗೂ ಅರ್ಧವೇ.

ಆದರೆ ಇಂಗ್ಲಿಷ್ ಮಾತು ಬರುವುದಿಲ್ಲ ಅಂತ ಯಾರಾದರೂ ಅಂದರೆ ನನಗೆ ಕೋಪ ಬರುತ್ತದೆ. ನಾನು ಅದನ್ನು ಕತ್ತಲೆಯಲ್ಲಿ ಕಲಿತವನು. ದಿಮ್ಮಿ ಇಳಿಸುವ ಕೆಲಸದಿಂದ ದಿಮ್ಮಿ ನಿಲ್ಲಿಸುವ ಕೆಲಸಕ್ಕೆ ಬಂದೆ. ಚಾಂಪಿಯನ್ ರೀಫ್ಸಿನ ನೆಲದಡಿಯಲ್ಲಿ ಬಂಡೆ ಕುಸಿಯದಂತೆ ಕಂಬ ಕೊಡುವ ಗುಂಪಿಗೆ ಮೇಸ್ತ್ರಿಯಾದೆ. ಅಲ್ಲಿ ಮಾತಾಡುವವರ ಮುಖ ಕಾಣುವುದಿಲ್ಲ, ದೀಪ ಒಂದು ಕಾಣುತ್ತದೆ, ಅದರ ಹಿಂದಿನಿಂದ ದನಿ ಬರುತ್ತದೆ. ದೊರೆ ಒಂದು ಪದ ಅಂದ ಮೇಲೆ ಏನು ನಡೆಯುತ್ತದೋ ಅದೇ ಆ ಪದದ ಅರ್ಥ ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೆ. ಹೆಚ್ಚಿನ ಸಲ ಈ ಲೆಕ್ಕ ತಪ್ಪಲಿಲ್ಲ. 'ಲುಕ್ ಔಟ್' ಅಂದರೆ ಹಾರು. 'ಸ್ಟೆಡಿ' ಅಂದರೆ ಉಸಿರು ಹಿಡಿ.

ನಮ್ಮ ಕ್ಯಾಪ್ಟನ್ ದೊರೆ, ಅಂದರೆ ನೆಲದಡಿಯ ಕೆಲಸಕ್ಕೆಲ್ಲ ಮೇಲಧಿಕಾರಿ, ವಯಸ್ಸಾದವರು. ಇಂಗ್ಲೆಂಡಿನವರಲ್ಲವಂತೆ, ಅದರ ನೆತ್ತಿಯ ಮೇಲೆ ಮಂಜು ಮುಸುಕಿದ ಕಡಲ ತೀರದವರಂತೆ. ಬೇರೆ ದೊರೆಗಳ ಬಾಯಲ್ಲಿ ಬೈಗುಳ ಇರುತ್ತಿದ್ದ ಜಾಗದಲ್ಲಿ ಇವರ ಬಾಯಲ್ಲಿ ಬೇರೆ ಥರದ ಪದಗಳು ಇರುತ್ತಿದ್ದವು. ಯಾರೂ ಕೆಲಸ ಮಾಡದ ಹಳೇ ಸುರಂಗದಿಂದ ತಣ್ಣಗೆ ಗಾಳಿ ಬಂದು ದೀಪ ಅಲ್ಲಾಡಿದರೆ 'ಈರಿ' ಅನ್ನುತ್ತಿದ್ದರು. ನಮ್ಮ ಕಡೆ ಅದಕ್ಕೆ ಬರೀ ಗಾಳಿ ಅನ್ನುತ್ತೇವೆ, 'ಗಾಳಿ ಐತೆ' ಅಂದರೆ ಮಕ್ಕಳಿಗೂ ಗೊತ್ತಾಗುತ್ತದೆ. ಬಂಡೆಯೊಳಗೆ ಎಲ್ಲೋ ದೂರ ಗುಡುಗಿದಾಗ 'ಡೂಮ್' ಅಂತ ಒಂದು ಸಲ ಅಂದರು, ಅದಕ್ಕೆ ಅರ್ಥ ಹೇಳಬೇಕಾಗಲಿಲ್ಲ. 'ಫೇಟ್' ಅಂದರೆ ಹಣೆಬರಹ ಅಂತ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಹೌದು, ನನ್ನದೊಂದು ಪುಸ್ತಕ ಇತ್ತು. ರಾಬರ್ಟ್‌ಸನ್‌ಪೇಟೆ ಅಂಗಡಿಯಲ್ಲಿ ಕೊಂಡದ್ದು, ಉದ್ದನೆಯದು. ಕೇಳಿದ ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಬರೆಯುತ್ತಿದ್ದೆ. ಆಮೇಲೆ ಯೋಚನೆ ಬಂತು: ಹಣೆಬರಹ ಅಂದರೆ ಬರೆದದ್ದು. ಬರೆದವನೊಬ್ಬ ಇದ್ದಾನೆ, ಅವನನ್ನು ಬೈಯಬಹುದು, ಅವನಿಗೆ ಹರಕೆ ಹೊರಬಹುದು. ದೊರೆ 'ಫೇಟ್' ಅನ್ನುವಾಗ ಬರೆದವನು ಯಾರೂ ಇದ್ದ ಹಾಗೆ ಕೇಳುತ್ತಿರಲಿಲ್ಲ. ಬೀಗ ಹಾಕಿಕೊಂಡು ಹೋದ ಮನೆಯ ಹಾಗೆ ಕೇಳುತ್ತಿತ್ತು.

ನನ್ನ ಗುಂಪಿನಲ್ಲಿ ಒಬ್ಬ ತಮಿಳಿನವನು, ಒಬ್ಬ ತೆಲುಗಿನವನು, ಮಿಕ್ಕವರು ನಮ್ಮ ಬಂಗಾರಪೇಟೆ ಸುತ್ತಿನ ಹಳ್ಳಿಯವರು. ದೊರೆ ಮಾತಾಡಿ ಮುಗಿಸಿದ ಕೂಡಲೇ ಮೂರು ಕಡೆಯಿಂದ ಒಂದೇ ಪ್ರಶ್ನೆ ಬರುತ್ತಿತ್ತು. "ಎನ್ನ ಸೊನ್ನಾರು?" "ಏಮನ್ನಾಡು?" "ಏನಂದ್ರಣ್ಣಾ?" ನಾನು ಹೇಳುತ್ತಿದ್ದೆ. ಗೊತ್ತಿಲ್ಲ ಅಂತ ಒಂದು ದಿನವೂ ಹೇಳಲಿಲ್ಲ. ಹೇಳಬೇಕಾಗಿತ್ತು.

ಬಾಮೈದನ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿಯ ತಮ್ಮ. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ತಾಯಿ ಹೋದ ಮೇಲೆ ಅವಳೇ ಎತ್ತಿ ಬೆಳೆಸಿದವನು. ನಮ್ಮ ಜೊತೆ ಲೈನು ಮನೆಯಲ್ಲೇ ಇದ್ದ, ಬಂಡೆ ಕೊರೆಯುವ ಕೆಲಸ. ಆಗ ಅವನಿಗೆ ಇಪ್ಪತ್ತೆರಡು ದಾಟಿತ್ತು. ಬಂಗಾರಪೇಟೆ ಹತ್ತಿರದ ಒಂದು ಹಳ್ಳಿಯಲ್ಲಿ ಹೆಣ್ಣು ನೋಡಿ ಬಂದೆವು. ಗಣಿಯಲ್ಲಿ ನಂಬರು ಇರುವ, ಕಾಯಂ ಕೆಲಸದ ಗಂಡು ಅಂತ ಅವರು ಒಪ್ಪಿದರು. ಒಪ್ಪಿದ ಸುದ್ದಿ ಬಂದ ದಿನ ಇವನು ಗಣಿಯೊಳಗೆ ಹಾಡಿದ. ಸುಮ್ಮನೆ ನಗುತ್ತಿದ್ದ. ಬುತ್ತಿಯಲ್ಲಿದ್ದ ಮುದ್ದೆಯನ್ನು ತಮಿಳಿನವನಿಗೆ ಕೊಟ್ಟ, ಬೀಡಿ ಕಟ್ಟು ತೆಲುಗಿನವನಿಗೆ, ಹೊಸ ಟವಲು ಇನ್ಯಾರಿಗೋ.

"ಲೇ, ಮದುವೆಗೆ ಮುಂಚೇನೇ ದಾನ ಮಾಡ್ಬಿಟ್ರೆ ಮದುವೇಲಿ ಏನ್ ಉಟ್ಕೊಂತೀಯಲಾ?" ಅಂದೆ.

"ಮಾವ ಕೊಡ್ತಾನೆ ಬಿಡು ಬಾವಾ. ನೀನು ನಮ್ಮಪ್ಪನತ್ರ ಏನೂ ಕಿತ್ಕೊಳ್ಳಕ್ಕಾಗ್ಲಿಲ್ಲ ಅಂತ ಒಟ್ಟೆಕಿಚ್ಚು ನಿಂಗೆ!"

ಆಗ ದೊರೆ ನಮ್ಮ ಹಿಂದೆ ನಿಂತಿದ್ದರು. ದೀಪವನ್ನು ಅವನ ಮುಖಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ನನಗೊಬ್ಬನಿಗೇ ಅನ್ನುವ ಹಾಗೆ, "ದಟ್ ಲ್ಯಾಡ್ ಈಸ್ ಫೇ" ಅಂದರು. ಅಂದು ಹೊರಟುಹೋದರು.

"ಏನಂದ್ರು? ನನ್ನ ಬಗ್ಗೆ ಏನೋ ಅಂದ್ರಲ್ಲಾ?"

ನಾನು ನನ್ನ ಲೆಕ್ಕದಂತೆ ನೋಡಿದೆ. ಅಂದ ಮೇಲೆ ಏನು ನಡೆಯಿತು? ಏನೂ ನಡೆಯಲಿಲ್ಲ, ಇವನು ನಗುತ್ತಲೇ ಇದ್ದ. "ಫೇ ಅಂದ್ರೆ ಖುಷಿ ಕಣ್ಲಾ," ಅಂದೆ. "ತುಂಬ ಖುಷಿಯಾಗಿರೋನ್ನ ಅಂಗಂತಾರೆ."

ಆ ಪದವನ್ನು ಅವನು ಅತ್ತರಿನ ಹತ್ತಿಯ ಹಾಗೆ ಕಿವಿಗಿಟ್ಟುಕೊಂಡ. ಎಲ್ಲಿ ಹೋದರೂ "ದೊರೆ ನನ್ನ ಫೇ ಅಂದವ್ರೆ." ಹೆಣ್ಣಿನ ತಂದೆ ನಮ್ಮ ಮನೆಗೆ ಬಂದಾಗ ಅವರಿಗೂ ಹೇಳಿದ. ಅವರು ಬೇಸಾಯದ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದು "ಅದೇನು ಸ್ವಾಮಿ, ಮೇಸ್ತ್ರಿಗಿಂತ ದೊಡ್ಡ ಉದ್ಯೋಗವಾ?" ಅಂತ ಕೇಳಿದರು. ನಾನು ಮೀಸೆ ಸವರಿಕೊಂಡು "ಉದ್ಯೋಗಕ್ಕಿಂತ ದೊಡ್ಡದು" ಅಂದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಒಂದು ತಿಂಗಳ ಮೇಲೆ ದೊರೆ ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೊರಟರು. ನಾನು ಆ ದಿನ ರಜೆ ಹಾಕಿ ನಿಂಬೆಹಣ್ಣು, ಹಾರ ಹಿಡಿದುಕೊಂಡು ಬಂಗಾರಪೇಟೆಗೆ ಹೋದೆ. ಮದ್ರಾಸಿನ ರೈಲು ಅಲ್ಲಿ ಹಿಡಿಯಬೇಕು. ಪ್ಲಾಟ್‌ಫಾರ್ಮಿನ ಬೇವಿನ ನೆರಳಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದರು. ಬಿಸಿಲಿನಲ್ಲಿ ಅವರ ಮುಖವನ್ನು ಸರಿಯಾಗಿ ನೋಡಿದ್ದು ನಾನು ಅವತ್ತೇ. ಎಷ್ಟು ಮುದುಕರಾಗಿದ್ದಾರೆ ಅನ್ನಿಸಿತು.

ಅದೂ ಇದೂ ಮಾತಾಡಿ, ಆಮೇಲೆ ಕೇಳಿದರು, ನಿನ್ನ ಬಾಮೈದ ಹೇಗಿದ್ದಾನೆ ಅಂತ.

"ವೆರಿ ಫೇ, ಸರ್," ಅಂದೆ ಹೆಮ್ಮೆಯಿಂದ. "ಡೈಲಿ ಮೋರ್ ಫೇ."

ದೊರೆ ಹ್ಯಾಟು ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. ನನ್ನ ಮುಖ ನೋಡಿದರು. ನನಗೆ ತಿಳಿದಿಲ್ಲ ಅನ್ನುವುದು ಅವರಿಗೆ ತಿಳಿಯಿತು. ಗಣಿಯಲ್ಲಿ ಕಲಿತ ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಅದು ಅವರ ಅಜ್ಜಿಯ ಕಾಲದ ಮಾತಂತೆ. ಸಾವು ಹತ್ತಿರ ಬಂದವನಿಗೆ ಹಾಗೆ ಹೇಳುವುದಂತೆ. ಕಾಯಿಲೆಯವನಿಗಲ್ಲ. ಗಟ್ಟಿಮುಟ್ಟಾದವನು ಕಾರಣವಿಲ್ಲದೆ ನಗುತ್ತಾನೆ, ಹಾಡುತ್ತಾನೆ, ತನ್ನದನ್ನೆಲ್ಲ ಹಂಚಿಬಿಡುತ್ತಾನೆ. ಆಚೆ ಲೋಕದ ಬೆಳಕು ಆಗಲೇ ಅವನ ಮುಖಕ್ಕೆ ಬಿದ್ದಿರುತ್ತದೆ, ಅವನಿಗೊಬ್ಬನಿಗೆ ಗೊತ್ತಿರುವುದಿಲ್ಲ. ಅವರ ಸ್ವಂತ ತಮ್ಮ ಒಂದು ಬೆಳಿಗ್ಗೆ ಹೀಗೇ ನಗುತ್ತಾ ತನ್ನ ಬೂಟನ್ನು ಅಣ್ಣನಿಗೆ ಕೊಟ್ಟು ಮೀನಿನ ದೋಣಿ ಹತ್ತಿದನಂತೆ. ದೋಣಿ ಬಂತಂತೆ, ತಮ್ಮ ಬರಲಿಲ್ಲವಂತೆ.

"ಪಾತ್ತುಕ್ಕೊ," ಅಂದರು. ನೋಡಿಕೋ. ರೈಲು ಬಂತು. ಹಾರವನ್ನು ಕೊರಳಿಗೆ ಹಾಕಿದೆನೋ ಕೈಗೆ ಕೊಟ್ಟೆನೋ ನೆನಪಿಲ್ಲ. ನಿಂಬೆಹಣ್ಣು ನನ್ನ ಜೇಬಿನಲ್ಲೇ ಉಳಿದಿತ್ತು.

ಬಂಗಾರಪೇಟೆಯಿಂದ ಗಣಿಗೆ ಬರುವ ಚಿಕ್ಕ ರೈಲು ಅವತ್ತು ನಡೆದುಕೊಂಡು ಬಂದ ಹಾಗೆ ಬಂತು. ಬಾಮೈದನಿಗೆ ಆ ತಿಂಗಳು ಮಧ್ಯಾಹ್ನದ ಪಾಳಿ. ಎರಡು ಗಂಟೆಗೆ ಇಳಿಯುತ್ತಾನೆ. ಕಿಟಕಿಯಾಚೆ, ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ಸೈನೈಡ್ ಗುಡ್ಡಗಳು ಬೆಳ್ಳಗೆ ಕಂಡಾಗ ಎದ್ದು ಬಾಗಿಲಿಗೆ ಬಂದು ನಿಂತೆ. ಉರಿಗಾಂ ದಾಟಿತು. ನನ್ನ ತಲೆಯಲ್ಲಿ ಒಂದೇ: ಇವತ್ತು ಇಳಿಯಬಾರದು.

ಇಲ್ಲಿ ಬಿಲ್ಲೆಯ ವಿಷಯ ಹೇಳಬೇಕು. ನಮ್ಮಲ್ಲಿ ಒಬ್ಬೊಬ್ಬನಿಗೂ ನಂಬರು ಒತ್ತಿದ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಇಳಿಯುವಾಗ ಗಣಿಬಾಯಿಯ ಕಿಟಕಿಯಲ್ಲಿ ಟೈಂ ಕೀಪರಿಗೆ ಕೊಟ್ಟು ಇಳಿಯಬೇಕು, ಬಂದ ಮೇಲೆ ಈಸಿಕೊಳ್ಳಬೇಕು. ಪಾಳಿ ಮುಗಿದ ಮೇಲೆ ಯಾರ ಬಿಲ್ಲೆ ಹಲಗೆಯಲ್ಲಿ ಉಳಿಯಿತೋ ಅವನು ಇನ್ನೂ ಕೆಳಗಿದ್ದಾನೆ ಅಂತ. ಬಿಲ್ಲೆ ಇಲ್ಲದವನು ಇಳಿಯುವ ಹಾಗಿಲ್ಲ. ನಮ್ಮ ಮನೆಯಲ್ಲಿ ದೇವರ ಪಟದ ಪಕ್ಕ ಎರಡು ಮೊಳೆ ಹೊಡೆದಿದ್ದೆ, ಒಂದು ನನ್ನದು, ಒಂದು ಅವನದು. ಹೆಂಡತಿ ಶುಕ್ರವಾರ ಶುಕ್ರವಾರ ಬಿಲ್ಲೆಗಳಿಗೆ ಹುಣಿಸೇಹಣ್ಣು ಹಾಕಿ ಉಜ್ಜಿ, ಕುಂಕುಮ ಇಡುತ್ತಿದ್ದಳು. ಮೊಳೆಯಲ್ಲಿ ಬಿಲ್ಲೆ ಇದ್ದರೆ ಗಂಡಸು ಭೂಮಿಯ ಮೇಲಿದ್ದಾನೆ. ಅವಳಿಗೆ ಗಡಿಯಾರ, ಪಂಚಾಂಗ ಎಲ್ಲ ಅದೇ.

ನಾನು ಮನೆಗೆ ಬಂದಾಗ ಅವಳು ನಲ್ಲಿಯ ಹತ್ತಿರ ಇದ್ದಳು, ಅವನು ಹಿಂದೆ ಸ್ನಾನ ಮಾಡುತ್ತಾ ಹಾಡುತ್ತಿದ್ದ. ಆ ಹಾಡು ಕೇಳಿ ನೇರ ದೇವರ ಪಟದ ಹತ್ತಿರ ಹೋದೆ. ಅವನ ಮೊಳೆಯಿಂದ ಬಿಲ್ಲೆ ತೆಗೆದೆ. ರಾಗಿ ತುಂಬಿದ್ದ ಮಡಕೆಯಲ್ಲಿ ಮೊಳಕೈವರೆಗೆ ಕೈ ಇಳಿಸಿ, ತಳದಲ್ಲಿ ಬಿಟ್ಟೆ.

"ಅಕ್ಕಾ, ನನ್ ಬಿಲ್ಲೆ ಎಲ್ಲಿ?"

"ಮೊಳೇಲಿ ಇರಬೇಕಲ್ಲೋ."

"ಮೊಳೇಲಿ ಮೊಳೆ ಐತೆ."

ಹಾಸಿಗೆ ಕೊಡವಿದರು, ಚಾಪೆ ಮಡಚಿದರು, ಒಲೆಯ ಬೂದಿ ಕೆದಕಿದರು. ನಾನೂ ಹುಡುಕಿದೆ. ಹುಡುಕುವುದರಲ್ಲಿ ನಾನೇ ಮುಂದು. ಬಾಮೈದ ಬಿಲ್ಲೆ ಇಲ್ಲದೇ ಹೋದ, ಕಿಟಕಿಯಲ್ಲಿ ಬೈಸಿಕೊಂಡು ವಾಪಸು ಬಂದ. ಅವತ್ತು ಗಣಿಯಲ್ಲಿ ಏನೂ ಆಗಲಿಲ್ಲ. ಎರಡು ಪಾಳಿಯವರೂ ಕೆಮ್ಮುತ್ತಾ ಮೇಲೆ ಬಂದರು.

ನನ್ನ ಬುದ್ಧಿ ಎಷ್ಟು ಚಿಕ್ಕದು ಅಂತ ಆಗ ಗೊತ್ತಾಯಿತು. ಒಂದು ದಿನ ತಡೆದರೆ ಸಾಕು ಅಂದುಕೊಂಡಿದ್ದೆ. ಆದರೆ ದೊರೆಯ ಪದಕ್ಕೆ ತಾರೀಖು ಇರಲಿಲ್ಲ. ಇವತ್ತಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ನಾಡಿದ್ದು. ಯಾವತ್ತು ಬಿಲ್ಲೆ ವಾಪಸು ಕೊಡುವುದು? ಎರಡನೇ ದಿನವೂ ಕೊಡಲಿಲ್ಲ. ಮೂರನೇ ದಿನ ಟೈಂ ಕೀಪರು ಖಡಾಖಂಡಿತ ಹೇಳಿ ಕಳಿಸಿದ: ಶನಿವಾರದೊಳಗೆ ಬಿಲ್ಲೆ ತೋರಿಸದಿದ್ದರೆ ನಂಬರು ಬೇರೆಯವನಿಗೆ, ಹೆಸರು ಹೊಡೆದುಹಾಕುತ್ತೇನೆ. ನಂಬರು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಹೆಣ್ಣಿನ ಕಡೆಯವರು ಹಿಂದೆ ಸರಿಯುತ್ತಾರೆ. ಬಾಮೈದ ನಗುವುದನ್ನು ನಿಲ್ಲಿಸಿದ. ಗೋಡೆಗೆ ಒರಗಿ ಕೂತು ಬೆರಳು ಮುರಿಯುತ್ತಿದ್ದ. ನನಗೆ, ದೇವರು ನನ್ನನ್ನು ಕ್ಷಮಿಸಲಿ, ಒಳಗೊಳಗೆ ಸಮಾಧಾನವಾಯಿತು. ನಗುತ್ತಿಲ್ಲವಲ್ಲ, ಬದುಕಿಕೊಂಡ.

ಹೆಂಡತಿಯನ್ನು ನಾನು ಗಮನಿಸಿರಲಿಲ್ಲ. ಅವಳು ಅನ್ನ ನೀರು ಬಿಟ್ಟಿದ್ದಳು. ಖಾಲಿ ಮೊಳೆಯ ಕಡೆ ನೋಡುವುದು, ತಮ್ಮನ ಕಡೆ ನೋಡುವುದು. ಗಂಡಸು ಮನೆಯಲ್ಲಿ ಕೂತಿದ್ದಾನೆ, ಮೊಳೆ ಮಾತ್ರ ಖಾಲಿ. ಅವಳ ಪಂಚಾಂಗದಲ್ಲಿ ಅದಕ್ಕಿಂತ ಕೆಟ್ಟ ಶಕುನ ಇರಲಿಲ್ಲ. ಕೆಳಗಿದ್ದವನ ಮೊಳೆ ಖಾಲಿ ಇರಬೇಕು. ಹಾಗಾದರೆ ಇಲ್ಲಿ ಕೂತಿರುವವನು ಯಾರು? ಯಾವುದನ್ನು ಬಾಗಿಲಾಚೆ ತಡೆಯಲು ಬಿಲ್ಲೆ ಬಚ್ಚಿಟ್ಟೆನೋ ಅದನ್ನು ನಾನೇ ಕೈಹಿಡಿದು ಮನೆಯೊಳಗೆ ತಂದು ಕೂರಿಸಿದ್ದೆ.

ಶುಕ್ರವಾರ ಬೆಳಿಗ್ಗೆ ಬೀಸಲು ರಾಗಿ ಬೇಕಾಯಿತು. ಮಡಕೆಯಲ್ಲಿ ಮೇಲಿನಿಂದ ತೋಡಿಕೊಳ್ಳುವುದು ಬಿಟ್ಟು, ಯಾಕೋ ಏನೋ, ಅವಳು ಮಡಕೆಯನ್ನೇ ಮೊರಕ್ಕೆ ಬಗ್ಗಿಸಿದಳು. ಠಣ್ ಅಂತ ಬಿತ್ತು.  ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ, ನನ್ನ ಮುಂದೆ ಬಂದು ನಿಂತಳು. ರಾಗಿ ಮಡಕೆಗೆ ಅವಳ ತಮ್ಮ ಕೈ ಹಾಕುವವನಲ್ಲ, ಅವಳು ಹಾಕಲಿಲ್ಲ. ಮನೆಯಲ್ಲಿ ಇನ್ನೊಬ್ಬನೇ ಉಳಿದವನು.

"ಏನಯ್ಯಾ ಇದು?"

ಹೇಳಿದೆ. ದೊರೆ, ಫೇ, ತಮ್ಮ, ದೋಣಿ, ಬೂಟು, ಎಲ್ಲ ಹೇಳಿದೆ. ಖುಷಿ ಅಂತ ಹೇಳಿದ್ದು ಸುಳ್ಳು, ಗೊತ್ತಿಲ್ಲದೆ ಹೇಳಿದ್ದು ಅಂತಲೂ ಹೇಳಿದೆ. ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಅವಳು ಬಿಲ್ಲೆಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಅಂದಳು, "ಆ ದೊರೆ ತಮ್ಮ ಯಾಕೆ ನಕ್ಕನೋ ಆ ದೊರೆಗೆ ಗೊತ್ತಿಲ್ಲ, ಪಾಪ. ಗೊತ್ತಿಲ್ದಿದ್ದಕ್ಕೆ ಒಂದು ಹೆಸ್ರಿಟ್ಕೊಂಡವ್ರೆ. ನಮ್ ಉಡುಗ ಯಾಕೆ ನಕ್ಕ ಅಂತ ನಂಗೆ ಗೊತ್ತಲ್ಲಯ್ಯಾ! ಎಣ್ಣು ಒಪ್ಪಿದ್ಳು, ನಕ್ಕ. ಇಷ್ಟು ದಿನ ಅವನು ನಗಲಿ ಅಂತ ತಾನೇ ನಾನು ಬೆಳೆಸಿದ್ದು? ನಕ್ಕಿದ್ಕೆ ಎದರಿಕೊಂಡ್ರೆ ನಾನು ಯಾವುದಕ್ಕೆ ಬದುಕ್ಲಿ?"

ಅಷ್ಟರಲ್ಲಿ ಬಾಮೈದ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮುಖ ಕೆಂಪಗಾಗಿತ್ತು. "ಮೂರು ದಿನ ಕಿಟಕೀಲಿ ಕಳ್ಳನ ತರ ನಿಲ್ಸಿದ್ರು ನನ್ನ. ನೀನು ಪಕ್ಕದಲ್ಲೇ ನಿಂತ್ಕೊಂಡು 'ಒಲೇಲಿ ನೋಡ್ಲಾ, ಚಾಪೆ ಕೆಳಗೆ ನೋಡ್ಲಾ' ಅಂದ್ಯಲ್ಲಾ ಬಾವಾ!"

"ಔದು ಕಣ್ಲಾ. ಬೈಯಿ. ಒಡಿ ಬೇಕಾದ್ರೆ."

ಹೊಡೆಯಲಿಲ್ಲ. ಹೊಸಲಿನ ಮೇಲೆ ಕೂತ. ತಗ್ಗಿದ ದನಿಯಲ್ಲಿ ಕೇಳಿದ, "ನಿಜವಾಗ್ಲೂ ಬೂಟು ಕೊಟ್ಟು ಓದ್ನಂತಾ ಅವರ ತಮ್ಮ?"

"ಊಂ."

"ನಾನು ಟವಲು ಕೊಟ್ಟಿದ್ದೆ." ಅರ್ಧ ಎದ್ದು, "ಈಸ್ಕೊಂಡ್ಬರ್ಲಾ?"

ಮೊದಲು ನಕ್ಕವಳು ಅವನ ಅಕ್ಕ. ಆಮೇಲೆ ಮೂರು ಜನವೂ ನಕ್ಕೆವು, ಕಣ್ಣಲ್ಲಿ ನೀರು ಬರುವ ತನಕ. ನಗುವಾಗ ನನಗೆ ಹೆದರಿಕೆ ಇತ್ತು, ಆದರೂ ನಕ್ಕೆ.

ಆಮೇಲೆ ಅವನು ಎದ್ದು, "ಇಳೀತೀನಿ. ಇಳೀದೆ ಇರಾಕಾಗಲ್ಲ. ಆದ್ರೆ ನಾನು ಕೊರೆಯೋ ಜಾಗದಲ್ಲಿ ಕಂಬ ನೀನೇ ಕೊಡಬೇಕು ಬಾವಾ" ಅಂದ.

ಅವಳು ಬಿಲ್ಲೆ ತೊಳೆದು ಕುಂಕುಮ ಇಟ್ಟಳು. ಹೇಗೂ ಶುಕ್ರವಾರ. ನಾನು ಅವನನ್ನು ಕರೆದುಕೊಂಡು ಕಿಟಕಿಗೆ ಹೋದೆ. ಬಿಲ್ಲೆ ಸಿಕ್ಕಿತು ಅಂದು ಸುಮ್ಮನಾಗಬಹುದಿತ್ತು. ಆದರೆ ಅವನ ಮೇಲೆ ಕಳ್ಳ ಅನ್ನುವ ಮಾತು ಉಳಿಯುತ್ತಿತ್ತು. ಹಿಂದೆ ಸಾಲಿನಲ್ಲಿ ಮೂವತ್ತು ಜನ ನಿಂತಿರುವಾಗ, ಬಚ್ಚಿಟ್ಟವನು ನಾನು, ಒಂದು ಇಂಗ್ಲಿಷ್ ಪದಕ್ಕೆ ಹೆದರಿ ಬಚ್ಚಿಟ್ಟೆ, ಅದರ ಅರ್ಥ ನನಗೆ ಗೊತ್ತಿರಲಿಲ್ಲ ಅಂತ ಜೋರಾಗಿ ಹೇಳಿದೆ. ಗೊತ್ತಿರಲಿಲ್ಲ ಅನ್ನುವ ಮಾತು ನನ್ನ ಬಾಯಿಂದ ಮೊದಲ ಸಲ ಬಂದದ್ದು. ಸಾಲು ಪೂರ್ತಿ ನಕ್ಕಿತು. ತಮಿಳಿನವನು, "ಅಯ್ಯೋ ಮೇಸ್ತ್ರಿ, ಅಪ್ಪೊ 'ಸ್ಟೆಡಿ'ನ್ನಾ ಎನ್ನ? ಅದುವುಂ ಸಾವಾ?" ಅಂದ. 'ಸ್ಟೆಡಿ' ಅಂದರೂ ಸಾವೇನಾ ಅಂತ.

ಮೇಸ್ತ್ರಿಗಿರಿ ಮೂರು ತಿಂಗಳು ಕಿತ್ತುಕೊಂಡರು. ಒಳ್ಳೆಯದೇ ಆಯಿತು. ಮಧ್ಯಾಹ್ನದ ಪಾಳಿಗೆ ಬರೀ ಕಂಬದವನಾಗಿ ಹಾಕಿಸಿಕೊಂಡೆ. ಮಾರನೇ ದಿನ ಮನೆಯಿಂದ ಹೊರಡುವಾಗ ಬಾಮೈದ ಎಂದಿನ ಹಾಗೆ "ಅಕ್ಕಾ, ಬತ್ತೀನಿ" ಅಂದ. ನಾವು ಹೋಗುವಾಗ ಹೋಗುತ್ತೇನೆ ಅನ್ನುವವರಲ್ಲ. ಆ ದೊರೆಯ ತಮ್ಮ ದೋಣಿ ಹತ್ತುವಾಗ ಅವರ ಭಾಷೆಯಲ್ಲಿ ಏನಂದನೋ ಅಂತ ನನಗೆ ಆಗ ಅನ್ನಿಸಿತು.

ಮೂರು ಕಂಬ ಸಾಕಾದ ಕಡೆ ನಾನು ಐದು ಕೊಟ್ಟೆ. ಒಂದೊಂದನ್ನೂ ಕೊಡಲಿಯ ಹಿಂಬದಿಯಿಂದ ತಟ್ಟಿ, ಕಿವಿಯಿಟ್ಟು ಕೇಳಿದೆ. ಚೆನ್ನಾಗಿ ಬಿಗಿದ ಕಂಬ ಗಂಟೆಯ ಹಾಗೆ ದನಿ ಕೊಡುತ್ತದೆ, ಸಡಿಲಾದದ್ದು ಮಡಕೆಯ ಹಾಗೆ. ಹೊಸ ಕ್ಯಾಪ್ಟನ್ "ವೇಸ್ಟ್, ವೇಸ್ಟ್" ಅಂತ ಕೂಗಾಡಿದರು. ಆ ಪದದ ಅರ್ಥ ನನಗೆ ಗೊತ್ತಿತ್ತು. ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಮೈದ ಕೊರೆಯುತ್ತಾ ಹಾಡಲು ಶುರು ಮಾಡಿದ. ಹಾಡಲಿ ಅಂತ ಬಿಟ್ಟೆ.

ಬಂಡೆ ಸಿಡಿದ ದಿನಗಳು ನಮಗೂ ಬಂದವು. ಹಲಗೆಯಲ್ಲಿ ಬಿಲ್ಲೆ ಉಳಿದ ಸಂಜೆಗಳನ್ನು ನಾನು ನೋಡಿದ್ದೇನೆ. ಹೋದವರಲ್ಲಿ ಯಾರೂ ಅವತ್ತು ಬೆಳಿಗ್ಗೆ ಹೆಚ್ಚು ನಕ್ಕಿರಲಿಲ್ಲ. ನಕ್ಕಿದ್ದರೂ ದೀಪ ಹಿಡಿದು ನೋಡಿದವರು ಇರಲಿಲ್ಲ. ಬಾಮೈದ ಮದುವೆಯಾಗಿ, ಮೂರು ಮಕ್ಕಳಾಗಿ, ಈಗ ಮಾವನ ಊರಿನಲ್ಲಿ ಹಾಲಿನ ವ್ಯಾಪಾರ ಮಾಡುತ್ತಾನೆ. ತಲೆ ಬೆಳ್ಳಗಾಗಿದೆ, ನಗು ಹಾಗೇ ಇದೆ. ಬುಧವಾರ ಬುಧವಾರ ಬಂದು "ಏನ್ ಫೇ ಮೇಸ್ತ್ರಿ?" ಅನ್ನುತ್ತಾನೆ. ಆ ಹೆಸರು ಉರಿಗಾಮಿನಿಂದ ಬಂಗಾರಪೇಟೆಯ ತನಕ ನನಗೆ ಅಂಟಿಕೊಂಡಿತು. ಮೊದಮೊದಲು ಕಲ್ಲು ಎತ್ತಿಕೊಳ್ಳುತ್ತಿದ್ದೆ. ಈಗ ಓಗೊಡುತ್ತೇನೆ.

ಗಣಿಯ ಕೆಲಸ ಬಿಟ್ಟು ಬಂಗಾರಪೇಟೆ ಹತ್ತಿರ ಇದ್ದೇನೆ. ಈಗ ನನ್ನಲ್ಲಿರುವುದು: ಹೆಂಡತಿ ಒಬ್ಬಳು, ಬಾಮೈದ ಒಬ್ಬ. ಹಸು ಎರಡು, ಕರು ಒಂದು. ಅರ್ಧ ಎಕರೆ ರಾಗಿ ಹೊಲ. ಕೊಡಲಿ ಒಂದು. ಈ ಮನೆಯ ಗೋಡೆಯಲ್ಲೂ ಮೊಳೆ ಎರಡು, ಬಿಲ್ಲೆ ಗಣಿಗೆ ಒಪ್ಪಿಸಿದ್ದರಿಂದ ಎರಡೂ ಖಾಲಿ, ಆದರೂ ಗಂಡಸರಿಬ್ಬರೂ ಭೂಮಿಯ ಮೇಲೆ. ಪುಸ್ತಕ ಒಂದು, ಅದರಲ್ಲಿ ಇಂಗ್ಲಿಷ್ ಪದ ನಲವತ್ತೊಂದು, ಅರ್ಥ ಬರೆದದ್ದು ನಲವತ್ತಕ್ಕೆ.